ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ: ಹಳೇ ಡಿಸ್ಕ್ ಅಳಿಸಲು ಅವಸರ ಬೇಡ

ಲ್ಯಾಪ್‌ಟಾಪ್ ಆನ್ ಮಾಡಿ ಐದು ನಿಮಿಷ ಬಿಟ್ಟು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಸಿಪಿಯು ಶೇ 10–15ರಲ್ಲಿ ಆರಾಮವಾಗಿದ್ದು ಡಿಸ್ಕ್ ಮಾತ್ರ ಶೇ 100ಕ್ಕೆ ಅಂಟಿಕೊಂಡಿದ್ದರೆ, ಲ್ಯಾಪ್‌ಟಾಪ್ ಬದಲಿಸಬೇಕಿಲ್ಲ. ಡಿಸ್ಕ್ ತೆಗೆದು ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಡ್ರೈವ್, ಹಾಕಿದರೆ ಸಾಕು. ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಒಂದು ದೊಡ್ಡ ಸಿನಿಮಾ ಫೈಲನ್ನು ಸೆಕೆಂಡಿಗೆ 100 ಎಂಬಿ ಆಸುಪಾಸಿನಲ್ಲಿ ಓದೀತು. ಆದರೆ ವಿಂಡೋಸ್ ಶುರುವಾಗುವಾಗ ಬೇಕಾಗುವುದು ಅಲ್ಲೊಂದು ಇಲ್ಲೊಂದು ಬಿದ್ದಿರುವ ಸಾವಿರಾರು ಚಿಕ್ಕ ಫೈಲುಗಳು. ಅವನ್ನು ಹುಡುಕಿ ಓದುವ ತೋಳು ಅತ್ತಿಂದಿತ್ತ ಓಡಾಡುವುದರಲ್ಲೇ ಹೊತ್ತು ಹೋಗಿ, ವೇಗ 1 ಎಂಬಿಗಿಂತ ಕೆಳಗೆ ಇಳಿಯುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ರ‍್ಯಾಮ್ 4 ಜಿಬಿ ಮಾತ್ರ ಇದ್ದರೆ, ಹೇಗೂ ಬಿಚ್ಚುತ್ತೀರಲ್ಲ, ಆಗಲೇ 8 ಜಿಬಿ ಮಾಡಿಕೊಳ್ಳಿ.

ಹಳೇ ಲ್ಯಾಪ್‌ಟಾಪ್‌ಗಳಿಗೆ ಸಾಮಾನ್ಯವಾಗಿ ಬೇಕಾಗುವುದು 2.5 ಇಂಚಿನ, 7 ಮಿ.ಮೀ. ದಪ್ಪದ ಸಾಟಾ (ಹಳೇ ಹಾರ್ಡ್ ಡಿಸ್ಕಿಗಿರುವಂಥದೇ ಕನೆಕ್ಟರ್‌ನ) ಎಸ್‌ಎಸ್‌ಡಿ. ನಿಮ್ಮ ಹಳೇ ಡಿಸ್ಕ್ 9.5 ಮಿ.ಮೀ. ಇದ್ದರೆ ಹೊಸದು ಜಾಗದಲ್ಲಿ ಸ್ವಲ್ಪ ಸಡಿಲವಾಗಬಹುದು. ಕೆಲವು ಎಸ್‌ಎಸ್‌ಡಿ ಡಬ್ಬಿಯಲ್ಲೇ 2.5 ಮಿ.ಮೀ. ದಪ್ಪದ ಪ್ಲಾಸ್ಟಿಕ್ ಚೌಕಟ್ಟು ಬರುತ್ತದೆ, ಅದನ್ನು ಅಂಟಿಸಿ. ಎಂ.2 ಸ್ಲಾಟ್ (ಚಿಕ್ಕ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಕಿಂಡಿ) ಇದೆ ಎಂದು ನೋಡಿದ ಕೂಡಲೇ ಸಾಟಾಗಿಂತ ವೇಗದ ಎನ್‌ವಿಎಂಇ ಬಗೆಯ ಎಸ್‌ಎಸ್‌ಡಿ ಕೊಳ್ಳಬೇಡಿ. ಸ್ಲಾಟ್ ಸಾಟಾ ಮಾತ್ರ ಒಪ್ಪುವಂಥದ್ದಾದರೆ ಎನ್‌ವಿಎಂಇ ಅದರಲ್ಲಿ ಕೂತೀತು, ಕೆಲಸ ಮಾತ್ರ ಮಾಡದು. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಕಂಪನಿಯ ತಾಣದಲ್ಲಿ ಸಿಗುತ್ತದೆ, ಕೊಳ್ಳುವ ಮೊದಲೇ ಓದಿ.

ಇದರ ಜೊತೆಗೆ 2.5 ಇಂಚಿನ ಯುಎಸ್‌ಬಿ 3.0 ಕೇಸಿಂಗ್ ಒಂದು ಬೇಕು. ಮೊದಲು ಅದರಲ್ಲಿ ಹೊಸ ಎಸ್‌ಎಸ್‌ಡಿ ಇಟ್ಟು ಕ್ಲೋನ್ (ವಿಂಡೋಸ್ ಸಮೇತ ಇಡೀ ಡಿಸ್ಕಿನ ಪಡಿಯಚ್ಚು) ಮಾಡುತ್ತೀರಿ, ಆಮೇಲೆ ಅದೇ ಕೇಸಿಂಗ್ ಹಳೇ ಡಿಸ್ಕಿನ ಮನೆಯಾಗುತ್ತದೆ.

ಬಿಚ್ಚುವ ಮೊದಲು

ಹಳೇ ಡಿಸ್ಕಿನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಎಂಬ ಸಾಲಿನ ‘ರಾ ವ್ಯಾಲ್ಯೂಸ್’ ಅಂಕಣದಲ್ಲಿ ಸೊನ್ನೆ ಬಿಟ್ಟು ಬೇರೇನಾದರೂ ಇದ್ದರೆ ಕ್ಲೋನ್ ಮಾಡುವ ಯೋಚನೆ ಬಿಡಿ. ಸಾಯುತ್ತಿರುವ ಡಿಸ್ಕಿಗೆ ಗಂಟೆಗಟ್ಟಲೆ ಎಡೆಬಿಡದೆ ಓದುವ ಕೆಲಸ ಕೊಟ್ಟರೆ ಅರ್ಧದಲ್ಲೇ ನಿಲ್ಲಬಹುದು. ಫೋಟೊ, ದಾಖಲೆಗಳನ್ನು ಮೊದಲು ಬೇರೆಡೆ ನಕಲು ಮಾಡಿ, ವಿಂಡೋಸನ್ನು ಹೊಸದಾಗಿ ಹಾಕಿಕೊಳ್ಳಿ. ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡಿಸ್ಕ್ ಬದಲಿಸಿದ ಮಾತ್ರಕ್ಕೆ ಅದು ಹೋಗುವುದಿಲ್ಲ. ನುಡಿ, ಬರಹದ ಹಳೇ ಫಾಂಟುಗಳಲ್ಲಿ ಬರೆದ ಕಡತಗಳಿದ್ದರೆ ಆ ಫಾಂಟುಗಳನ್ನೂ ಎತ್ತಿಟ್ಟುಕೊಳ್ಳಿ. ಇಲ್ಲದಿದ್ದರೆ ಹೊಸ ವಿಂಡೋಸ್‌ನಲ್ಲಿ ನಿಮ್ಮ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ.

ಡಿಸ್ಕ್ ಚೆನ್ನಾಗಿದ್ದರೆ ಕ್ಲೋನ್ ಸುಲಭ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಂಡು ಆಫ್ ಮಾಡಿ. ಸ್ಯಾಮ್‌ಸಂಗ್, ಕ್ರೂಶಿಯಲ್, ಡಬ್ಲ್ಯುಡಿ ಕಂಪನಿಗಳು ತಮ್ಮ ಡ್ರೈವ್ ಕೊಂಡವರಿಗೆ ಕ್ಲೋನ್ ತಂತ್ರಾಂಶವನ್ನು ಉಚಿತವಾಗಿ ಕೊಡುತ್ತವೆ. 1 ಟಿಬಿ ಡಿಸ್ಕಿನಲ್ಲಿ ತುಂಬಿರುವುದು 200 ಜಿಬಿಯಾದರೆ 500 ಜಿಬಿ ಎಸ್‌ಎಸ್‌ಡಿ ಧಾರಾಳವಾಯಿತು. ಸಿ ಡ್ರೈವ್ ಒಂದನ್ನೇ ಆಯ್ದುಕೊಳ್ಳದೆ ಇಡೀ ಡಿಸ್ಕ್ ಆಯ್ದುಕೊಳ್ಳಿ. 100 ಎಂಬಿ ಆಸುಪಾಸಿನ, ವಿಂಡೋಸ್ ಶುರುಮಾಡುವ ಪುಟ್ಟ ಇಎಫ್‌ಐ ಭಾಗ ಬಿಟ್ಟುಹೋದರೆ ಲ್ಯಾಪ್‌ಟಾಪ್ ಬೂಟ್ ಆಗದು. ಬೇರೆ ಪೆನ್‌ಡ್ರೈವ್‌ಗಳನ್ನೆಲ್ಲ ಕಿತ್ತಿಟ್ಟು, ಯಾವುದು ಮೂಲ ಯಾವುದು ಗುರಿ ಎಂದು ಎರಡು ಸಲ ಓದಿ. ಇಲ್ಲಿ ಅದಲುಬದಲಾದರೆ ಖಾಲಿ ಎಸ್‌ಎಸ್‌ಡಿಯ ನಕಲು ನಿಮ್ಮ ಹಳೇ ಡಿಸ್ಕಿನ ಮೇಲೆ ಕೂರುತ್ತದೆ. 200 ಜಿಬಿಗೆ ಒಂದು ಗಂಟೆ ಆಸುಪಾಸು ಸಾಕು. ಹಳೇ ಯುಎಸ್‌ಬಿ 2.0 ಕಿಂಡಿಗೆ ಚುಚ್ಚಿದ್ದರೆ ಎರಡು ಗಂಟೆ ಹಿಡಿಯುತ್ತದೆ.

ಬಿಚ್ಚಿದ ಮೇಲೆ

ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ, ಪೂರ್ತಿ ಆಫ್ ಆಗುತ್ತದೆ. ಚಾರ್ಜರ್ ತೆಗೆಯಿರಿ. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪ್ ತಳದ ಚಿತ್ರ ಬರೆದು, ಪ್ರತಿ ಸ್ಕ್ರೂವನ್ನೂ ಅದು ಬಂದ ಜಾಗದಲ್ಲೇ ಚುಚ್ಚಿಡಿ. ಇದು ಅತಿಯಾಯಿತು ಅನಿಸಬಹುದು. ಆದರೆ ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಮೇಲ್ಗಡೆ, ಅಂಗೈ ಊರುವ ಜಾಗದಲ್ಲಿ, ಮೊಡವೆಯಂತೆ ಉಬ್ಬು ಏಳುತ್ತದೆ. ಎಲ್ಲ ಬಿಚ್ಚಿದರೂ ಮುಚ್ಚಳ ಏಳದಿದ್ದರೆ ಬಲ ಹಾಕಬೇಡಿ. ರಬ್ಬರ್ ಪಾದಗಳ ಅಡಿಯಲ್ಲಿ ಇನ್ನೊಂದೆರಡು ಸ್ಕ್ರೂ ಅಡಗಿರುತ್ತವೆ. ಒಳಗೆ ಕೈ ಹಾಕುವ ಮುಂಚೆ ಮೈಯಲ್ಲಿರುವ ಸ್ಥಿರ ವಿದ್ಯುತ್ ಹೋಗಲು ಲೋಹದ ಕಿಟಕಿ ಸರಳು ಮುಟ್ಟಿ, ಬ್ಯಾಟರಿಯ ಕನೆಕ್ಟರ್ ಬಿಡಿಸಿ. ವೈರ್ ಹಿಡಿದು ಎಳೆಯದೆ ಕನೆಕ್ಟರಿನ ಅಂಚನ್ನೇ ಉಗುರಿನಿಂದ ಮೀಟಬೇಕು.

ಡಿಸ್ಕ್ ಸಾಟಾ ಕನೆಕ್ಟರಿಗೆ ನೇರವಾಗಿ ಕೂತಿದ್ದರೆ ಹಿಂದಕ್ಕೆ ಸರಿಸಿ ತೆಗೆಯಿರಿ, ಮೇಲಕ್ಕೆ ಎತ್ತಬೇಡಿ. ಕಾಗದದಷ್ಟು ತೆಳ್ಳಗಿನ ರಿಬ್ಬನ್ ಕೇಬಲ್ ಇದ್ದರೆ ಅದನ್ನು ಮಡಚಬೇಡಿ. ಹಳೇ ಡಿಸ್ಕಿನ ಲೋಹದ ಪಟ್ಟಿ ಬಿಚ್ಚಿ, ಅವೇ ನಾಲ್ಕು ಸ್ಕ್ರೂಗಳಿಂದ ಎಸ್‌ಎಸ್‌ಡಿಗೆ ಹಾಕಿ.

ಮೊದಲ ಸಲ ಆನ್ ಮಾಡುವಾಗ ಹಳೇ ಡಿಸ್ಕ್ ಯುಎಸ್‌ಬಿಯಲ್ಲೂ ಇರಬಾರದು. ಎರಡರ ಗುರುತಿನ ಸಂಖ್ಯೆಯೂ ಒಂದೇ ಆಗಿರುವುದರಿಂದ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡಿಬಿಡಬಹುದು. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಎಸ್‌ಎಸ್‌ಡಿಯ ಹೆಸರೇ ಕಾಣದಿದ್ದರೆ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಹೆಸರು ಕಾಣುತ್ತಿದ್ದೂ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ಬಂದರೆ ಬಯಾಸ್‌ನ ಸಾಟಾ ಮೋಡ್ ನೋಡಿ. ಮೊದಲು ರೇಡ್ ಇದ್ದದ್ದು ಎಎಚ್‌ಸಿಐ ಆಗಿದ್ದರೆ, ಅಥವಾ ಅದಕ್ಕೆ ಉಲ್ಟಾ ಆಗಿದ್ದರೆ, ಮೊದಲಿನಂತೆಯೇ ಇಡಿ.

ಹಳೇ ಡಿಸ್ಕಿಗೆ ಹೊಸ ಕೆಲಸ

ಎರಡು ವಾರ ಅದನ್ನು ಹಾಗೇ ತೆಗೆದಿಡಿ. ಟ್ಯಾಲಿ ಡೇಟಾ, ಮೇಲ್, ಮಕ್ಕಳ ಫೋಟೊ ಎಲ್ಲವೂ ಹೊಸದರಲ್ಲಿ ತೆರೆಯುತ್ತಿವೆ ಎಂದು ಖಾತ್ರಿಯಾದ ಮೇಲಷ್ಟೇ ಅಳಿಸಿ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ಕೆಲವು ಗುಪ್ತ ಭಾಗಗಳನ್ನು ಅಳಿಸಲು ಬಿಡುವುದಿಲ್ಲ. ಆಗ ಕಮಾಂಡ್ ಟೈಪ್ ಮಾಡಿ ನಡೆಸುವ ಡಿಸ್ಕ್‌ಪಾರ್ಟ್‌ನಲ್ಲಿ ‘ಲಿಸ್ಟ್ ಡಿಸ್ಕ್’ ಕೊಟ್ಟು, ಗಾತ್ರ ನೋಡಿ ಗುರುತಿಸಿ, ‘ಸೆಲೆಕ್ಟ್’ ಮಾಡಿ ‘ಕ್ಲೀನ್’ ಕೊಡಬೇಕು. ‘ಕ್ಲೀನ್’ ಮತ್ತೊಮ್ಮೆ ಕೇಳುವುದಿಲ್ಲ, ಎಂಟರ್ ಒತ್ತುವ ಮುಂಚೆ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಆಮೇಲೆ ಹೊಸದಾಗಿ ಫಾರ್ಮ್ಯಾಟ್ ಮಾಡುವಾಗ, ವಿಂಡೋಸ್‌ನಲ್ಲಷ್ಟೇ ಬಳಸುವುದಾದರೆ ಎನ್‌ಟಿಎಫ್‌ಎಸ್, ಮ್ಯಾಕ್‌ಗೂ ಬೇಕಾದರೆ ಎಕ್ಸ್‌ಫ್ಯಾಟ್ ಆಯ್ದುಕೊಳ್ಳಿ.

ಕೇಸಿಂಗ್‌ನಲ್ಲಿ ಟಿಕ್ ಟಿಕ್ ಸದ್ದು ಬಂದು ಡಿಸ್ಕ್ ಕಾಣದಿದ್ದರೆ ಕೆಟ್ಟಿದೆ ಎಂದು ಕೂಡಲೇ ತೀರ್ಮಾನಿಸಬೇಡಿ, ವಿದ್ಯುತ್ ಸಾಲದೆಯೂ ಹಾಗಾಗುತ್ತದೆ. ಹಬ್ ತೆಗೆದು, ಗಿಡ್ಡ ಕೇಬಲ್‌ನಿಂದ ನೇರವಾಗಿ ಲ್ಯಾಪ್‌ಟಾಪ್‌ಗೆ ಚುಚ್ಚಿ.

ಡಿವಿಡಿ ಡ್ರೈವ್ ಇರುವ ಲ್ಯಾಪ್‌ಟಾಪ್‌ನಲ್ಲಿ ಅದರ ಜಾಗಕ್ಕೆ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಹಳೇ ಡಿಸ್ಕನ್ನು ಒಳಗೇ ಇಟ್ಟುಕೊಳ್ಳಬಹುದು. ಕ್ಯಾಡಿ 9.5 ಮತ್ತು 12.7 ಮಿ.ಮೀ. ದಪ್ಪಗಳಲ್ಲಿ ಬರುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಗೋ ನಿಮ್ಮೂರ ಅಂಗಡಿಗೋ ಹೋಗುವಾಗ ಡಿವಿಡಿ ಡ್ರೈವನ್ನೇ ಕೈಯಲ್ಲಿ ಹಿಡಿದು ಹೋಗಿ, ಅಳತೆಯ ತಂಟೆ ಇರುವುದಿಲ್ಲ. ಎಸ್‌ಎಸ್‌ಡಿ ಮಾತ್ರ ಮೂಲ ಜಾಗದಲ್ಲೇ ಇರಲಿ. ಡಿವಿಡಿ ಕಿಂಡಿ ಕೆಲವು ಮಾಡೆಲ್‌ಗಳಲ್ಲಿ ನಿಧಾನ, ಅಲ್ಲಿಂದ ಬೂಟ್ ಆಗದ ಯಂತ್ರಗಳೂ ಇವೆ.

ಐದಾರು ವರ್ಷ ತಿರುಗಿದ ಡಿಸ್ಕ್ ಎರಡನೇ ಪ್ರತಿ ಇಡಲು ಒಳ್ಳೆಯದು, ಇರುವ ಒಂದೇ ಪ್ರತಿ ಇಡಲು ಅಲ್ಲ. ಗುಜರಿಗೆ ಹಾಕುವುದಾದರೆ ‘ಕ್ವಿಕ್ ಫಾರ್ಮ್ಯಾಟ್’ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಕೊಡಿ. 1 ಟಿಬಿಗೆ ಗಂಟೆಗಳೇ ಹಿಡಿಯುತ್ತವೆ, ರಾತ್ರಿ ಹಚ್ಚಿಟ್ಟು ಮಲಗಿ.