ಹಳೆ ಮಿಲಿಟರಿ ದೋಣಿಗೆ ತೇಪೆ

ಗೋವಾದ ವಾಸ್ಕೋದಲ್ಲಿ ನಾನು ಕೊಂಡ ಹರಾಜಿನ ದೋಣಿಗೆ ತಳ ಫೈಬರಿನದು, ಸುತ್ತ ಗಾಳಿಯ ಕೊಳವೆ. ಬೆಳಗಾಗುವಷ್ಟರಲ್ಲಿ ಎಡಗಡೆ ಸೊರಗಿರುತ್ತಿತ್ತು. ತೂತಿಗಾಗಿ ಮೂರು ದಿನ ಕೊಳವೆಯೆಲ್ಲ ತಡಕಿದೆ. ಕಡೆಗೆ ನೋಡಿದರೆ ವಾಲ್ವಿನ ವಾಷರಿನಲ್ಲಿ ಮರಳು! ಸೋಪಿನ ನೀರನ್ನು ಮೊದಲು ವಾಲ್ವಿಗೇ ಹಚ್ಚಿ.

ನಿಜವಾಗಿ ತೂತಿದ್ದರೆ ಕೊಳವೆಯ ಬಟ್ಟೆ ಯಾವುದೆಂದು ತಿಳಿಯಬೇಕು. ಕಾಣದ ಮೂಲೆಯಲ್ಲಿ ಒಂದು ಹನಿ ಎಂಇಕೆ (ಮಿಥೈಲ್ ಈಥೈಲ್ ಕೀಟೋನ್) ಎಂಬ ಸಾಲ್ವೆಂಟ್ ಒರೆಸಿ. ಅಂಟಂಟಾದರೆ ಪಿವಿಸಿ, ಇಲ್ಲದಿದ್ದರೆ ಬಹುತೇಕ ಹೈಪಲಾನ್ ಎಂಬ ಕೃತಕ ರಬ್ಬರು. ಎರಡಕ್ಕೂ ಗೋಂದು ಬೇರೆ. ಸೈಕಲ್ ಪಂಕ್ಚರ್ ಸೊಲ್ಯೂಷನ್ ನಡೆಯದು.

ತೇಪೆ ತೂತಿನ ಸುತ್ತ 5 ಸೆಂ.ಮೀ. ಹೆಚ್ಚಿರಲಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಎರಡೂ ಮೈ ಉಜ್ಜಿ, ಒರೆಸಿ, ಗಟ್ಟಿಕಾರಕ ಬೆರೆಸಿದ ಗೋಂದನ್ನು ತೆಳ್ಳಗೆ ಎರಡು ಸಲ ಬಳಿಯಿರಿ. ಒಂದು ಸಲ ಬಳಿದದ್ದು ಒಣಗಿದ ಮೇಲೇ ಇನ್ನೊಂದು. ಕಿಟಕಿ ತೆರೆದಿರಲಿ, ಹತ್ತಿರ ಬೀಡಿ ಬೇಡ.

ಗೋವಾದ ಮಳೆಗಾಲದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಜುಲೈಯಲ್ಲಿ ಹಚ್ಚಿದ್ದು ಐದೇ ದಿನಕ್ಕೆ ಹಳೇ ಅಂಚೆಚೀಟಿಯಂತೆ ಎದ್ದುಬಂತು, ತೇವವೇ ಕಾರಣ. ಡಿಸೆಂಬರಿನಲ್ಲಿ ಹಚ್ಚಿ, ಮೂರು ದಿನ ಗಾಳಿ ತುಂಬದೆ ಬಿಟ್ಟೆ. ಇನ್ನೂ ಗಟ್ಟಿಯಾಗಿದೆ.

ಇಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ದೊಬ್ಬೆಂದು ಮಂದ ಸದ್ದು ಬಂದರೆ ಒಳಗಿನ ಪ್ಲೈವುಡ್ ಕೊಳೆತಿದೆ; ತೇಪೆಯ ದುಡ್ಡು ಉಳಿಸಿ, ಮೊದಲು ಅದನ್ನು ಬದಲಿಸಿ.