ಮ್ಯಾಪ್‌ನಲ್ಲಿ ಕೆರೆ ಅಳಿಸಿದವರಿಗೆ ನಾನು ಏನು ಬರೆಯುತ್ತೇನೆ

ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನುವ ಆನ್‌ಲೈನ್ ಮ್ಯಾಪ್‌ನಲ್ಲಿ ಯಾರು ಬೇಕಾದರೂ ಖಾತೆ ತೆರೆದು ರಸ್ತೆ ಎಳೆಯಬಹುದು, ಅಂಗಡಿ ಸೇರಿಸಬಹುದು, ಇದ್ದದ್ದನ್ನು ಅಳಿಸಲೂಬಹುದು. ಮೊದಲೇ ಯಾರ ಒಪ್ಪಿಗೆಯೂ ಬೇಡ. ಸೇವ್ ಒತ್ತಿದ ಸ್ವಲ್ಪ ಹೊತ್ತಿಗೆ ಇಡೀ ಪ್ರಪಂಚಕ್ಕೆ ಹೊಸ ಮ್ಯಾಪ್ ಕಾಣುತ್ತದೆ. 2004ರಲ್ಲಿ ಸ್ಟೀವ್ ಕೋಸ್ಟ್ ಇಂಗ್ಲೆಂಡಿನಲ್ಲಿ ಇದನ್ನು ಶುರು ಮಾಡಿದಾಗಿನಿಂದಲೂ ಪದ್ಧತಿ ಇದೇ. ಹಾಗಾದರೆ ತಪ್ಪು ನುಸುಳಿದರೆ ನೋಡುವವರು ಯಾರು? ನನ್ನಂಥವರು. ಸಂಬಳ ಇಲ್ಲ, ಹುದ್ದೆ ಇಲ್ಲ, ನೋಡಿ ಅಂತ ಯಾರೂ ಹೇಳಿಲ್ಲ. ನಮ್ಮ ಕಡೆಯ ಊರುಗಳು ಮ್ಯಾಪ್‌ನಲ್ಲಿ ನೆಟ್ಟಗೆ ಕಾಣಲಿ ಅನ್ನೋ ಆಸೆ, ಅಷ್ಟೇ.

ನಾನು ಕಣ್ಣಿಟ್ಟಿರುವುದು ತಿಪಟೂರು, ಅರಸೀಕೆರೆ ಸುತ್ತಮುತ್ತ, ಜೊತೆಗೆ ಸಕಲೇಶಪುರದ ಕಾಫಿ ಸೀಮೆಯ ಒಂದು ಭಾಗ. ಒಂದು ಸಲಕ್ಕೆ ಸೇವ್ ಮಾಡಿದ ಬದಲಾವಣೆಗಳನ್ನೆಲ್ಲ ಸೇರಿಸಿ ಚೇಂಜ್‌ಸೆಟ್ ಅನ್ನುತ್ತಾರೆ. ಅದಕ್ಕೊಂದು ನಂಬರ್ ಇರುತ್ತದೆ. ಏನು ಮಾಡಿದೆ ಅಂತ ಮಾಡಿದವರೇ ಬರೆದ ಒಂದು ಸಾಲೂ ಇರುತ್ತದೆ. 2014ರಿಂದ ಆ ಚೇಂಜ್‌ಸೆಟ್‌ನ ಕೆಳಗೆ ಬೇರೆಯವರು ಮಾತಾಡುವುದಕ್ಕೂ ಜಾಗ ಕೊಟ್ಟಿದ್ದಾರೆ. ನಾವು ಬರೆದದ್ದು ಬದಲಾವಣೆ ಮಾಡಿದವರಿಗೆ ಮೇಲ್ ಆಗಿ ಹೋಗುತ್ತದೆ. ಬರೆದದ್ದು ಎಲ್ಲರಿಗೂ ಕಾಣುತ್ತದೆ, ಕಳಿಸಿದ ಮೇಲೆ ನಾವೇ ತಿದ್ದಲು ಆಗುವುದಿಲ್ಲ. ಆದ್ದರಿಂದ ಕಳಿಸುವ ಮುಂಚೆ ಒಂದು ಸಲ ಓದಿ ನೋಡುವುದು ಒಳ್ಳೆಯದು. ಸಿಟ್ಟಿನಲ್ಲಿದ್ದರೆ ಎರಡು ಸಲ.

ಹುಡುಕುವುದಕ್ಕೆ ಓಎಸ್‌ಎಮ್‌ಚಾ ಅನ್ನುವ ಸೈಟ್ ಇದೆ. ಅದರಲ್ಲಿ ನಮ್ಮ ಪ್ರದೇಶಕ್ಕೆ ಒಂದು ಚೌಕ ಎಳೆದು ಇಟ್ಟುಕೊಂಡಿದ್ದೇನೆ. ಅಲ್ಲಿ ಆದ ಬದಲಾವಣೆಗಳೆಲ್ಲ ಫೀಡ್ ಆಗಿ ಬರುತ್ತವೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಿ ಮುಗಿಸುತ್ತೇನೆ. ಹೊಸದು, ಬದಲಾದದ್ದು, ಅಳಿಸಿದ್ದು ಮೂರಕ್ಕೂ ಬೇರೆ ಬೇರೆ ಬಣ್ಣ. ನನ್ನ ಕಣ್ಣು ಮೊದಲು ಹೋಗುವುದು ಅಳಿಸಿದ್ದರ ಕಡೆಗೆ. ತಪ್ಪಾಗಿ ಸೇರಿಸಿದ್ದು ಮ್ಯಾಪ್ ಮೇಲೆ ಇರುತ್ತದೆ, ಇವತ್ತಲ್ಲ ನಾಳೆ ಯಾರಾದರೂ ನೋಡುತ್ತಾರೆ. ತಪ್ಪಾಗಿ ಅಳಿಸಿದ್ದು ಕಾಣುವುದೇ ಇಲ್ಲವಲ್ಲ!

ಕೆಲವೊಮ್ಮೆ ಫೀಡ್‌ನಲ್ಲಿ ನಮ್ಮ ಕಡೆಗೆ ಸಂಬಂಧವೇ ಇಲ್ಲದ್ದು ಬಂದು ಕೂರುತ್ತದೆ. ಯಾರೋ ಬೀದರ್‌ನಲ್ಲಿ ಒಂದು ಹೋಟೆಲ್, ಮಂಗಳೂರಿನಲ್ಲಿ ಒಂದು ಮೆಡಿಕಲ್ ಶಾಪ್ ಸೇರಿಸಿ ಎರಡನ್ನೂ ಒಟ್ಟಿಗೆ ಸೇವ್ ಮಾಡಿರುತ್ತಾರೆ. ಎರಡನ್ನೂ ಒಳಗೊಳ್ಳಬೇಕಾದ ಆ ಚೇಂಜ್‌ಸೆಟ್‌ನ ಚೌಕ ಹೆಚ್ಚು ಕಡಿಮೆ ಇಡೀ ಕರ್ನಾಟಕದಷ್ಟು ಉದ್ದ ಆಗಿಬಿಡುತ್ತದೆ. ನಡುವೆ ಇರುವ ಎಲ್ಲರ ಫೀಡಿಗೂ ಬರುತ್ತದೆ. ಇದಕ್ಕೆ ನಾನು ಒಂದೇ ಸಾಲು ಬರೆಯುವುದು: ಒಂದು ಊರಿನ ಕೆಲಸ ಮುಗಿದ ತಕ್ಷಣ ಸೇವ್ ಮಾಡಿ, ಆಮೇಲೆ ಇನ್ನೊಂದು ಊರಿಗೆ ಹೋಗಿ.

ಬ್ರೌಸರ್‌ನಲ್ಲೇ ಮ್ಯಾಪ್ ತಿದ್ದುವ ಐಡಿ ಎಡಿಟರ್‌ನಲ್ಲಿ ಸೇವ್ ಮಾಡುವಾಗ ಒಂದು ಟಿಕ್ ಹಾಕುವ ಜಾಗ ಇದೆ, ನನ್ನ ಕೆಲಸ ಯಾರಾದರೂ ನೋಡಿ ಹೇಳಲಿ ಅಂತ. ಟಿಕ್ ಹಾಕಿದವರನ್ನು ನಾನು ಮೊದಲು ನೋಡುತ್ತೇನೆ. ಕೇಳಿದವರಿಗೆ ಉತ್ತರ ಕೊಡದೆ ಕೇಳದವರಿಗೆ ಬುದ್ಧಿ ಹೇಳುತ್ತಾ ಕೂತರೆ ಏನು ಚೆನ್ನ, ಅಲ್ವಾ? ಎಲ್ಲಾ ಸರಿಯಾಗಿದ್ದರೂ ‘ನೋಡಿದೆ, ಚೆನ್ನಾಗಿದೆ, ಮುಂದುವರಿಸಿ’ ಅಂತಲಾದರೂ ಬರೆಯುತ್ತೇನೆ.

ಇನ್ನು ಕೆರೆಯ ವಿಷಯ. ನಮ್ಮ ಕಡೆ ಜಾಸ್ತಿ ಜಗಳ, ಜಾಸ್ತಿ ಮಾತು ಬರುವುದು ಇದರಲ್ಲೇ.

ಕರ್ನಾಟಕದಲ್ಲಿ 36,000ಕ್ಕೂ ಹೆಚ್ಚು ಕೆರೆಗಳಿವೆ. ಮ್ಯಾಪ್ ಮಾಡುವವರು ನೋಡುವುದು ಸ್ಯಾಟಲೈಟ್ ಚಿತ್ರ. ಮಳೆಗಾಲದಲ್ಲಿ ಮೋಡ ಮುಚ್ಚಿಕೊಂಡಿರುವುದರಿಂದ ನೆಲ ಸ್ಪಷ್ಟವಾಗಿ ಕಾಣುವ ಚಿತ್ರಗಳು ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ಒಳಗಿನವು. ಬಯಲುಸೀಮೆಯ ಕೆರೆಗಳು ಒಣಗುವುದೂ ಅದೇ ಹೊತ್ತಿಗೆ. ಹಾಗಾಗಿ ಮ್ಯಾಪ್‌ನಲ್ಲಿ ನೀಲಿ ಬಣ್ಣ ಇರುವ ಕಡೆ ಚಿತ್ರದಲ್ಲಿ ಕಂದು ನೆಲವೋ ಬಳ್ಳಾರಿ ಜಾಲಿಯ ಪೊದೆಯೋ ಕಾಣುತ್ತದೆ. ಹೊಸಬರು ‘ಇಲ್ಲಿ ಕೆರೆ ಇಲ್ಲ’ ಅಂತ ಬರೆದು ಅಳಿಸಿಬಿಡುತ್ತಾರೆ.

ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ ಹೀಗೇ ಆಯಿತು. ಆ ಖಾತೆ ತೆರೆದು ಹೆಚ್ಚು ದಿನ ಆಗಿರಲಿಲ್ಲ. ಒಂದು ಶಾಲೆ, ಒಂದು ಹಾಲಿನ ಡೈರಿ, ಒಂದು ಅರಳಿಕಟ್ಟೆ ಸೇರಿಸಿದ್ದರು. ಕೆರೆ ಅಳಿಸಿದ್ದರು. ಇಂಥದ್ದಕ್ಕೆ ಸಾಮಾನ್ಯವಾಗಿ ಬರುವ ಕಾಮೆಂಟ್ ಹೇಗಿರುತ್ತದೆ ಅಂದರೆ: ‘ಅಳಿಸಿದ್ದು ತಪ್ಪು. ಇಂಟರ್ಮಿಟೆಂಟ್ ಟ್ಯಾಗ್ ಹಾಕಬೇಕಿತ್ತು. ದಯವಿಟ್ಟು ವಿಕಿ ಓದಿ.’ (ಟ್ಯಾಗ್ ಅಂದರೆ ಮ್ಯಾಪ್‌ನಲ್ಲಿರುವ ವಸ್ತು ಎಂಥದ್ದು ಅಂತ ಹೇಳುವ ಗುರುತು, ವಿಕಿ ಅಂದರೆ ಮ್ಯಾಪ್ ಮಾಡುವವರ ಕೈಪಿಡಿ.) ಬಹುಪಾಲು ಸಲ ಇದರಲ್ಲಿ ಒಂದಕ್ಷರವೂ ಸುಳ್ಳಿರುವುದಿಲ್ಲ. ಆದರೆ ಓದಿದವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅಳಿಸಿದವರು ಹೇಳಿದ್ದೇ ನಿಜ ಇದ್ದರೆ? ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆ ಇತ್ತು. ಕೆರೆ ಮಾಯವಾಗುವುದು ನಮ್ಮಲ್ಲಿ ಹೊಸದಲ್ಲ. ಆ ಊರಿನಲ್ಲಿ ಇರುವವರು ಅವರು. ನಾನು ಕೂತಿರುವುದು ಸ್ಕ್ರೀನ್ ಮುಂದೆ.

ಆದ್ದರಿಂದ ನನ್ನ ಮೊದಲ ಕಾಮೆಂಟಿನಲ್ಲಿ ಟ್ಯಾಗ್ ಮಾತೇ ಇರುವುದಿಲ್ಲ. ಜಾಗದ ಬಗ್ಗೆ ಪ್ರಶ್ನೆ ಮಾತ್ರ. ಅವರಿಗೆ ಬರೆದದ್ದು ಇದು:

‘ನಮಸ್ಕಾರ. ನಮ್ಮ ಕಡೆ ಮ್ಯಾಪ್ ಮಾಡುವವರು ಇನ್ನೊಬ್ಬರು ಸಿಕ್ಕಿದ್ದು ಖುಷಿ ಆಯಿತು. ಶಾಲೆ, ಡೈರಿ ಎರಡೂ ಸರಿಯಾದ ಜಾಗದಲ್ಲಿವೆ. ಕೆರೆ ಬಗ್ಗೆ ಒಂದು ಕೇಳಬೇಕಿತ್ತು. ಏರಿ, ತೂಬು, ಕೋಡಿ ಈಗಲೂ ಇವೆಯಾ? ನೀರು ಮಾತ್ರ ಇಲ್ಲವಾ, ಇಲ್ಲ ಕೆರೆಯನ್ನೇ ಮುಚ್ಚಿ ಬೇರೆ ಏನಾದರೂ ಮಾಡಿದ್ದಾರಾ? ನೀವು ಹೇಳಿದ ಮೇಲೆ ಹೇಗೆ ತೋರಿಸುವುದು ಅಂತ ನೋಡೋಣ.’

ಉತ್ತರ ಬಂತು: ‘ಏರಿ ಇದೆ ಸರ್, ಅದರ ಮೇಲೇ ಬಸ್ ಓಡಾಡತ್ತೆ. ಕೋಡಿ ಹರಿದು ಎಷ್ಟೋ ವರ್ಷ ಆಯ್ತು. ಮಳೆ ಚೆನ್ನಾಗಿ ಬಂದ್ರೆ ತೂಬಿನ ಹತ್ತಿರ ನೀರು ನಿಲ್ಲತ್ತೆ. ಮಿಕ್ಕಿದ್ದೆಲ್ಲ ಜಾಲಿ.’ (ಎಲ್ಲರೂ ನನ್ನನ್ನು ಸರ್ ಅಂತಲೇ ಕರೆಯುತ್ತಾರೆ. ಬಳಕೆದಾರರ ಹೆಸರು ನೋಡಿದರೆ ಗಂಡೋ ಹೆಣ್ಣೋ ಗೊತ್ತಾಗುವುದಿಲ್ಲ. ನಾನೂ ತಿದ್ದಲು ಹೋಗುವುದಿಲ್ಲ, ಎದುರಿನವರಿಗೆ ನಮಸ್ಕಾರ ಅಂತ ಮಾತ್ರ ಬರೆಯುತ್ತೇನೆ.)

ಇಷ್ಟು ಗೊತ್ತಾದ ಮೇಲೆ ಟ್ಯಾಗ್ ಮಾತು ಸಲೀಸು. ನೀರು ಕೆಲವು ತಿಂಗಳು ಮಾತ್ರ ನಿಲ್ಲುವ ಕೆರೆಗೆ ಇಂಟರ್ಮಿಟೆಂಟ್ ಅನ್ನುವ ಟ್ಯಾಗ್ ಇದೆ, ಅದನ್ನು ಹಾಕಿದರೆ ಕೆರೆಯೂ ಉಳಿಯುತ್ತದೆ, ವರ್ಷವಿಡೀ ನೀರಿಲ್ಲ ಅನ್ನುವುದೂ ತಿಳಿಯುತ್ತದೆ ಅಂತ ಬರೆದೆ. ಹೊಸದಾಗಿ ಬರೆಯಬೇಡಿ, ಅಳಿಸಿದ್ದನ್ನೇ ವಾಪಸ್ ತರೋಣ ಅಂತಲೂ ಹೇಳಿದೆ. ಇದಕ್ಕೆ ಕಾರಣ ಇದೆ. ಮ್ಯಾಪ್‌ನಲ್ಲಿ ಪ್ರತಿ ವಸ್ತುವಿಗೂ ಒಂದು ನಂಬರ್ ಇರುತ್ತದೆ. ಯಾರು ಯಾವಾಗ ಏನು ತಿದ್ದಿದರು ಅನ್ನುವ ಚರಿತ್ರೆ ಅದಕ್ಕೆ ಅಂಟಿಕೊಂಡಿರುತ್ತದೆ. ಹಿಂದೆ ಯಾರೋ ಹಾಕಿದ ಕನ್ನಡ ಹೆಸರೂ ಅದರಲ್ಲೇ ಇರುತ್ತದೆ. ಹೊಸ ಗೆರೆ ಎಳೆದರೆ ಅದು ಯಾವುದೂ ಜೊತೆಗೆ ಬರುವುದಿಲ್ಲ. ಹೊಸಬರಿಗೆ ವಾಪಸ್ ತರುವ ದಾರಿ ಗೊತ್ತಿರುವುದಿಲ್ಲ, ಜೋಸಮ್ ಸಾಫ್ಟ್‌ವೇರ್ ಬೇಕು, ಅದಕ್ಕೊಂದು ಪ್ಲಗಿನ್ ಬೇಕು. ‘ಅದನ್ನು ನಾನು ಮಾಡುತ್ತೇನೆ, ಮಿಕ್ಕಿದ್ದು ನೀವು ಮಾಡಿ’ ಅಂದೆ.

ಅವರು ಮಾಡಿದ್ದು ನಾನು ಹೇಳಿದ್ದಕ್ಕಿಂತ ಜಾಸ್ತಿ. ಹಳೆಯ ಗೆರೆ ಯಾವುದೋ ವರ್ಷದ ಚಿತ್ರದಲ್ಲಿ ನಿಂತಿದ್ದ ನೀರಿನ ಅಂಚನ್ನಷ್ಟೇ ಹಿಡಿದಿತ್ತು. ಕೆರೆ ಅಂಗಳ ಎಲ್ಲಿವರೆಗೆ ಅಂತ ಊರಿನವರಿಗೆ ಗೊತ್ತಲ್ಲ, ಅವರು ಅದನ್ನು ಸರಿಮಾಡಿದರು. ಕೋಡಿ ಹಳ್ಳ ಎಲ್ಲಿಗೆ ಹೋಗಿ ಸೇರುತ್ತದೆ ಅಂತ ಗೆರೆ ಎಳೆದರು. ಏರಿ ಮೇಲಿನ ರಸ್ತೆಗೆ ಏರಿ ಅನ್ನುವ ಗುರುತು ಕೊಟ್ಟರು. ನಾನು ‘ವಿಕಿ ಓದಿ’ ಅಂದಿದ್ದರೆ ಇದರಲ್ಲಿ ಒಂದೂ ಬರುತ್ತಿರಲಿಲ್ಲ.

ಕಾಫಿ ಸೀಮೆಯ ಕಥೆ ಬೇರೆ. ಅಲ್ಲಿ ಅಳಿಸುವವರು ಹೊಸಬರಾದರೂ ಸ್ಯಾಟಲೈಟ್ ಚಿತ್ರ ನೋಡಿ ಮೋಸ ಹೋದವರಲ್ಲ. ಎಲ್ಲೋ ದೂರದಲ್ಲಿ ಕೂತವರು ಚಿತ್ರದಲ್ಲಿ ಸಿಲ್ವರ್ ಓಕ್ ಮರಗಳ ನಡುವೆ ಒಂದು ದಾರಿ ಕಂಡು ಅದನ್ನು ಊರೊಳಗಿನ ರಸ್ತೆ ಅಂತ ಹಾಕಿರುತ್ತಾರೆ. ಅದು ಎಸ್ಟೇಟ್ ಒಳಗೆ ಕಣಕ್ಕೋ ಕೆಲಸಗಾರರ ಲೈನ್ ಮನೆಗಳಿಗೋ ಹೋಗುವ ದಾರಿ. ಹೋಮ್‌ಸ್ಟೇ ಹುಡುಕುತ್ತಾ ಬಂದ ಕಾರುಗಳನ್ನು ಫೋನ್ ನೇರವಾಗಿ ಆ ಗೇಟಿಗೆ ತಂದು ನಿಲ್ಲಿಸುತ್ತದೆ. ರಾತ್ರಿ ಹನ್ನೊಂದಕ್ಕೆ ಹಾರನ್ ಕೇಳಿ ಸಾಕಾದ ತೋಟದವರು ಒಂದು ದಿನ ಖಾತೆ ತೆರೆದು ರಸ್ತೆ ಅಳಿಸುತ್ತಾರೆ. ಅವರ ಸಂಕಟ ನನಗೆ ಪೂರ್ತಿ ಅರ್ಥವಾಗುತ್ತದೆ.

ಆದರೆ ಅಳಿಸಿದರೆ ಕೆಲಸ ಆಗುವುದಿಲ್ಲ. ಚಿತ್ರದಲ್ಲಿ ದಾರಿ ಕಾಣುತ್ತಲೇ ಇರುತ್ತದೆ, ಮುಂದಿನ ತಿಂಗಳು ಇನ್ನೊಬ್ಬರು ಬಂದು ಅದನ್ನೇ ಮತ್ತೆ ಎಳೆಯುತ್ತಾರೆ. ತೋಟದವರಿಗೆ ನಾನು ಬರೆಯುವುದು ಇದನ್ನೇ. ನಿಯಮದ ಮಾತು ಎತ್ತುವುದಿಲ್ಲ. ‘ಅಳಿಸಿದರೆ ಯಾರಾದರೂ ಮತ್ತೆ ಹಾಕುತ್ತಾರೆ. ಗೇಟ್ ಎಲ್ಲಿದೆ ಹೇಳಿ, ಅದನ್ನು ಹಾಕಿ ಒಳಗಿನ ದಾರಿಗೆ ಖಾಸಗಿ ಅಂತ ಗುರುತು ಕೊಡೋಣ. ಆಮೇಲೆ ದಾರಿ ತೋರಿಸುವ ಆ್ಯಪ್‌ಗಳು ಸಾಮಾನ್ಯವಾಗಿ ಆ ದಾರಿ ಬಿಟ್ಟು ಹೋಗುತ್ತವೆ.’ ಗೇಟ್ ಎಲ್ಲಿದೆ ಅನ್ನುವ ಪ್ರಶ್ನೆಗೆ ಉತ್ತರ ಬರದೇ ಹೋದದ್ದು ಕಡಿಮೆ. ತೋಟದವರಿಗೆ ತಮ್ಮ ಗೇಟಿನ ಬಗ್ಗೆ ಮಾತಾಡಲು ಬೇಜಾರಿಲ್ಲ.

ಕೆಲವೊಮ್ಮೆ ವಿಷಯ ಇಷ್ಟು ಸುಲಭ ಇರುವುದಿಲ್ಲ. ದಾರಿ ತೋಟದೊಳಗೇ ಹೋದರೂ ಹಿಂದಿನ ಹಳ್ಳಿಯವರು ತಲೆಮಾರಿನಿಂದ ಅದರಲ್ಲೇ ಓಡಾಡುತ್ತಿರುತ್ತಾರೆ. ತೋಟದವರು ಖಾಸಗಿ ಅನ್ನುತ್ತಾರೆ, ಹಳ್ಳಿಯವರು ನಮ್ಮ ದಾರಿ ಅನ್ನುತ್ತಾರೆ. ಇಂಥ ಕಡೆ ತೀರ್ಪು ಕೊಡುವ ಕೆಲಸ ಮ್ಯಾಪಿನದ್ದಲ್ಲ, ನನ್ನದಂತೂ ಅಲ್ಲವೇ ಅಲ್ಲ. ಗೇಟ್ ಇದೆಯಾ, ಹಗಲು ತೆರೆದಿರುತ್ತಾ, ಬೋರ್ಡ್ ಹಾಕಿದ್ದಾರಾ, ಜನ ನಡೆದು ಹೋಗುತ್ತಾರಾ? ಕಣ್ಣಿಗೆ ಕಂಡದ್ದನ್ನು ಮಾತ್ರ ಹಾಕಿ ಅಂತ ಇಬ್ಬರಿಗೂ ಹೇಳುತ್ತೇನೆ. ಇಬ್ಬರಿಗೂ ಅದು ಪೂರ್ತಿ ಹಿಡಿಸುವುದಿಲ್ಲ.

ಕೆಲವು ದೊಡ್ಡ ಕಂಪನಿಗಳು ಸಂಬಳ ಕೊಟ್ಟು ತಂಡ ಇಟ್ಟುಕೊಂಡು ರಸ್ತೆಗಳನ್ನು ತಿದ್ದಿಸುತ್ತವೆ. ಇಂಥವರಿಗೆಂದೇ 2018ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಫೌಂಡೇಶನ್ ಒಂದು ಮಾರ್ಗಸೂಚಿ ತಂದಿದೆ. ನಾವು ಯಾರು, ಏನು ಮಾಡುತ್ತಿದ್ದೇವೆ ಅಂತ ಅವರು ಹೇಳಿಕೊಳ್ಳಬೇಕು. ಇವರ ಜೊತೆ ನನ್ನ ಭಾಷೆ ಸ್ವಲ್ಪ ಬೇರೆ. ಹೊಗಳಿಕೆ, ಸ್ವಾಗತ ಏನೂ ಬೇಡ, ನೇರವಾಗಿ ವಿಷಯ. ಉತ್ತರ ಬೇಗ ಬರುತ್ತದೆ, ಬಹಳ ವಿನಯವಾಗಿ ಬರುತ್ತದೆ, ‘ಚಿತ್ರದಲ್ಲಿ ಕಂಡದ್ದನ್ನು ಹಾಕಿದ್ದೇವೆ’ ಅಂತ ಇರುತ್ತದೆ. ಅಲ್ಲಿ ರಸ್ತೆ ನಡುವೆ ಹಳ್ಳ ಇದೆ, ಮಳೆಗಾಲದಲ್ಲಿ ದಾಟಲು ಆಗುವುದಿಲ್ಲ ಅಂತ ಒಂದು ಫೋಟೋ ಕೊಂಡಿ ಕೊಟ್ಟರೆ ಒಪ್ಪುತ್ತಾರೆ. ಸುಮ್ನೆ ‘ನನಗೆ ಗೊತ್ತು’ ಅಂದರೆ ನಡೆಯುವುದಿಲ್ಲ, ನಡೆಯಲೂಬಾರದು.

ಒಂದು ವಿಷಯದಲ್ಲಿ ಮಾತ್ರ ನಾನು ಮೆತ್ತಗಾಗುವುದಿಲ್ಲ. ಒಂದೇ ಸಂಜೆ ಒಂದು ಪೇಟೆ ಬೀದಿಯ ಅಂಗಡಿಗಳೆಲ್ಲ ಫೋನ್ ನಂಬರ್ ಸಮೇತ ಬಂದು ಕೂತರೆ ಗೂಗಲ್ ಮ್ಯಾಪ್ ನೋಡಿ ಇಳಿಸಿರಬಹುದು ಅನ್ನುವ ಅನುಮಾನ ಬರುತ್ತದೆ. ಅದು ಇಲ್ಲಿ ಸಲ್ಲದು. ಅಲ್ಲಿನ ಮಾಹಿತಿ ನಮ್ಮ ಲೈಸೆನ್ಸಿನಡಿ ಹಂಚುವಂತಿಲ್ಲ. ಆದರೂ ಮೊದಲ ಸಾಲಿನಲ್ಲಿ ಕದ್ದಿರಾ ಅಂತ ಕೇಳುವುದಿಲ್ಲ. ‘ಇಷ್ಟು ವಿವರ ಹೇಗೆ ಸಂಗ್ರಹಿಸಿದಿರಿ?’ ಅಂತ ಕೇಳುತ್ತೇನೆ. ಒಬ್ಬರು ಬೀದಿಯಲ್ಲಿ ನಡೆಯುತ್ತಾ ಎಲ್ಲಾ ಬೋರ್ಡ್‌ಗಳ ಫೋಟೋ ತೆಗೆದುಕೊಂಡು ಬಂದು ಹಾಕಿದ್ದರು. ಅನುಮಾನ ಪಟ್ಟು ಬರೆದಿದ್ದರೆ ಅವರಿಗೆ ಎಷ್ಟು ಬೇಜಾರಾಗುತ್ತಿತ್ತು! ಗೂಗಲ್ ನೋಡಿ ಹಾಕಿದೆ ಅಂತ ಸರಳವಾಗಿ ಒಪ್ಪಿಕೊಳ್ಳುವವರೂ ಇದ್ದಾರೆ, ಅವರಿಗೆ ಅದು ತಪ್ಪು ಅಂತ ಗೊತ್ತೇ ಇರುವುದಿಲ್ಲ. ಆಗ ತೆಗೆಯಲೇಬೇಕು, ಯಾಕೆ ಅಂತ ವಿವರಿಸಿ ತೆಗೆಯುತ್ತೇನೆ. ಬೋರ್ಡ್ ನೋಡಿ ಮತ್ತೆ ಹಾಕಬಹುದು ಅಂತಲೂ ಹೇಳುತ್ತೇನೆ.

ಮೊಬೈಲ್ ಆ್ಯಪ್‌ನಿಂದ ಬರುವ ‘ನಮ್ಮನೆ’, ‘ಅಜ್ಜಿ ಮನೆ’, ‘ಗಾಡಿ ನಿಲ್ಲಿಸಿದ ಜಾಗ’ ಇವೆಲ್ಲ ತಮಗೆ ಮಾತ್ರ ಕಾಣುತ್ತದೆ ಅಂದುಕೊಂಡು ಹಾಕಿದವು. ತೆಗೆದು, ಇದು ಎಲ್ಲರಿಗೂ ಕಾಣುವ ಮ್ಯಾಪ್, ನಿಮ್ಮ ಮನೆಯ ಗುರುತನ್ನು ಆ್ಯಪ್‌ನ ಬುಕ್‌ಮಾರ್ಕ್‌ನಲ್ಲಿ ಇಟ್ಟುಕೊಳ್ಳಿ ಅಂತ ಒಂದು ಸಾಲು. ಇಲ್ಲಿ ಕಾಯುವುದಿಲ್ಲ, ಅವರ ಮನೆಯ ಗುಟ್ಟು ಹೊರಗೆ ಬಿದ್ದಿರುತ್ತದೆ.

ಉಳಿದ ಕಡೆ ಕಾಯುತ್ತೇನೆ. ಖಾತೆ ತೆರೆಯುವಾಗ ಕೊಟ್ಟ ಮೇಲ್ ಎಷ್ಟೋ ಜನ ತೆಗೆದು ನೋಡುವುದೇ ಇಲ್ಲ. ಒಂದೆರಡು ವಾರ ಬಿಟ್ಟು, ಉತ್ತರ ಬರದಿದ್ದರೆ ನಾನೇ ಸರಿಮಾಡಿ ಏನು ಬದಲಾಯಿಸಿದೆ ಅಂತ ಅಲ್ಲೇ ಬರೆದಿಡುತ್ತೇನೆ. ಇಡೀ ಚೇಂಜ್‌ಸೆಟ್ ವಾಪಸ್ ತಿರುಗಿಸುವುದು ತೀರಾ ಅಪರೂಪ. ಕೆರೆಯ ಜೊತೆಗೆ ಅವರು ಸೇರಿಸಿದ ಶಾಲೆ, ಡೈರಿ ಕೂಡ ಹೋಗಿಬಿಡುತ್ತವಲ್ಲ.

ಹೇಳಿದ ಮೇಲೂ ಅದೇ ಕೆಲಸ ಮುಂದುವರಿದರೆ, ಇಂಥ ದೂರುಗಳನ್ನು ನೋಡಿಕೊಳ್ಳುವ ಡೇಟಾ ವರ್ಕಿಂಗ್ ಗ್ರೂಪ್‌ಗೆ ಬರೆಯುವುದು. ಅವರ ಹತ್ತಿರ ಸೊನ್ನೆ ಗಂಟೆಯ ತಡೆ ಅಂತ ಒಂದಿದೆ. ಮುಂದಿನ ಸಲ ತಿದ್ದುವ ಮೊದಲು ಆ ವ್ಯಕ್ತಿ ಲಾಗಿನ್ ಆಗಿ ಅವರ ಸಂದೇಶ ತೆರೆಯಲೇಬೇಕು. ತೆರೆದ ಕೂಡಲೇ ತಡೆ ಹೋಗುತ್ತದೆ. ಮೇಲ್ ನೋಡದವರನ್ನು ಮಾತಿಗೆ ಎಳೆಯಲು ಇದಕ್ಕಿಂತ ಒಳ್ಳೆ ಉಪಾಯ ನಾನು ನೋಡಿಲ್ಲ. ಅವರಿಗೆ ಬರೆಯುವಾಗ ಚೇಂಜ್‌ಸೆಟ್ ನಂಬರ್‌ಗಳು, ನಾವು ಯಾವಾಗ ಏನು ಕೇಳಿದೆವು, ಉತ್ತರ ಬಂತಾ ಇಲ್ಲವಾ ಇಷ್ಟನ್ನು ಸಾಲಾಗಿ ಕೊಟ್ಟರೆ ಸಾಕು. ಆ ಗುಂಪಿನವರೂ ಸ್ವಯಂಸೇವಕರೇ, ನಮ್ಮ ಊರಿನ ಕನ್ನಡ ಅವರಿಗೆ ಬರುವುದಿಲ್ಲ. ಹಾಗಾಗಿ ಕನ್ನಡದಲ್ಲಿ ನಡೆದ ಮಾತಿನ ಸಾರಾಂಶವನ್ನು ಇಂಗ್ಲಿಷಿನಲ್ಲಿ ನಾನೇ ಬರೆದು ಜೊತೆಗೆ ಇಡುತ್ತೇನೆ. ಎದುರಿನವರ ವಾದವನ್ನೂ ಅದರಲ್ಲಿ ಬಿಡದೆ ಹಾಕುತ್ತೇನೆ.