ಓಟಿಜಿಯಲ್ಲಿ ಬಿಸಿ ಬಿಸಿ ಆಪಲ್ ಕ್ರಂಬಲ್

ಸೇಬಿನ ಹೋಳಿನ ಮೇಲೆ ಬೆಣ್ಣೆ-ಮೈದಾದ ಪುಡಿಪುಡಿ ಪದರ ಉದುರಿಸಿ, ಓಟಿಜಿಯಲ್ಲಿ (ಮನೆಯ ಪುಟ್ಟ ವಿದ್ಯುತ್ ಓವನ್) ಬೇಯಿಸುವ ಬ್ರಿಟನ್ನಿನ ಮನೆಮನೆಯ ಸಿಹಿ ಇದು. ನಾಲ್ಕು ಜನಕ್ಕೆ ಸೇಬು 600 ಗ್ರಾಂ, ಮೈದಾ 120 ಗ್ರಾಂ, ಬೆಣ್ಣೆ 60 ಗ್ರಾಂ, ಸಕ್ಕರೆ 80 ಗ್ರಾಂ ಸಾಕು.

ಹಸಿರು ಗ್ರಾನಿ ಸ್ಮಿತ್ ಸೇಬು ಸಿಕ್ಕರೆ ಬಿಡಬೇಡಿ. ಅದರ ಹುಳಿ ಸಿಹಿಯನ್ನು ಹದಕ್ಕೆ ತರುತ್ತದೆ, ಹೋಳೂ ಸುಲಭಕ್ಕೆ ಕರಗದು. ಕೆಂಪು ಡೆಲಿಷಿಯಸ್ ಬೆಂದರೆ ಹಿಟ್ಟುಹಿಟ್ಟಾಗುತ್ತದೆ. ಅದೇ ಗತಿಯಾದರೆ ಹೋಳು ದಪ್ಪಗಿರಲಿ, ಸಕ್ಕರೆ ಕಡಿಮೆ ಮಾಡಿ. ಸಿಪ್ಪೆ ತೆಗೆದು ಒಂದಿಂಚಿನ ಹೋಳು ಮಾಡಿ, 20 ಗ್ರಾಂ ಸಕ್ಕರೆ, ಎರಡು ಚಮಚ ನಿಂಬೆರಸ, ಅರ್ಧ ಚಮಚ ಚಕ್ಕೆಪುಡಿ, ಒಂದು ಚಮಚ ಮೈದಾ ಬೆರೆಸಿ ಬೇಕಿಂಗ್ ಪಾತ್ರೆಗೆ ಹಾಕಿ. ಆ ಒಂದು ಚಮಚ ಮೈದಾ ಮರೆತರೆ ತಳದಲ್ಲಿ ನೀರು ನಿಲ್ಲುತ್ತದೆ.

ಎಲ್ಲರೂ ಎಡವುವುದು ಮೇಲಿನ ಪದರದಲ್ಲೇ. ಬೆಣ್ಣೆ ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾಗಿರಬೇಕು. ಉಳಿದ ಮೈದಾಕ್ಕೆ ಚಿಟಿಕೆ ಉಪ್ಪು ಹಾಕಿ, ಬೆಣ್ಣೆಯ ಚೂರುಗಳನ್ನು ಬೆರಳ ತುದಿಯಲ್ಲಷ್ಟೇ ಉಜ್ಜಿ. ಅಂಗೈ ಬಿಸಿಗೆ ಬೆಣ್ಣೆ ಕರಗಿದರೆ ಚಪಾತಿ ಹಿಟ್ಟಿನಂತೆ ಮುದ್ದೆಯಾಗುತ್ತದೆ. ಮಂಗಳೂರಿನ ಸೆಕೆಯಲ್ಲಂತೂ ಬಟ್ಟಲನ್ನೂ ಹತ್ತು ನಿಮಿಷ ಫ್ರಿಜ್ಜಿನಲ್ಲಿಡುವುದು ಲೇಸು. ಒರಟು ರವೆಯಂತಾದಾಗ ಮಿಕ್ಕ ಸಕ್ಕರೆ ಸೇರಿಸಿ, ಹಣ್ಣಿನ ಮೇಲೆ ಉದುರಿಸಿ. ಒತ್ತಬೇಡಿ, ಒತ್ತಿದರೆ ಹಬೆ ಹೊರಬರಲಾರದೆ ಪದರ ಮೆತ್ತಗಾಗುತ್ತದೆ.

ಓಟಿಜಿಯನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾಯಿಸಿ, ನಡುವಿನ ತಟ್ಟೆಯಲ್ಲಿ 35ರಿಂದ 40 ನಿಮಿಷ ಬೇಯಿಸಿ. ಮೇಲಿನ ಕಾಯಿಲ್‌ನ ಕಾವಿಗೆ ಪದರ ಬೇಗ ಕಪ್ಪಾಗತೊಡಗಿದರೆ ಫಾಯಿಲ್ ಹೊದಿಸಿ. ಅಂಚಿನಲ್ಲಿ ರಸ ಗುಳುಗುಳು ಕುದಿಯುತ್ತಿದ್ದರೆ ಆಯಿತು. ಹತ್ತು ನಿಮಿಷ ಆರಲು ಬಿಡಿ, ಆಮೇಲೆ ವೆನಿಲ್ಲಾ ಐಸ್‌ಕ್ರೀಮ್ ಜತೆ ಬಡಿಸಿ.